ಗದ್ದೆ ಪಾಲಾದಾಗ ನೀರು ಪಾಲಾಗುವ ಬಗೆ: ಮಲೇಷ್ಯಾದ ಭತ್ತದ ಬಯಲು ಕಲಿಸುವ ಲೆಕ್ಕ

ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಳ್ಳುವಾಗ ಸರ್ವೆಯವರು ಬಂದು ಅಳೆಯುತ್ತಾರೆ, ಗಡಿಗೆ ಕಲ್ಲು ನೆಡುತ್ತಾರೆ. ವಿಭಾಗ ಪತ್ರ ನೋಂದಣಿಯಾಗುತ್ತದೆ, ಪಹಣಿಯಲ್ಲಿ ಹೆಸರುಗಳು ಬೇರೆಯಾಗುತ್ತವೆ. ನೀರಿನ ಮಾತು ಬಂದಾಗ ಮಾತ್ರ ‘ಎಲ್ಲರೂ ಬಳಸಿಕೊಳ್ಳತಕ್ಕದ್ದು’ ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಮಳೆ ಚೆನ್ನಾಗಿ ಹಿಡಿದ ವರ್ಷ ಆ ಸಾಲು ಸಾಕಾಗುತ್ತದೆ. ಮಳೆ ಕೈಕೊಟ್ಟ ವರ್ಷ ಅದೇ ಸಾಲಿನ ಮೇಲೆ ಜಗಳ ಹತ್ತಿ, ಒಂದೇ ಮನೆಯವರು ಮಾತು ಬಿಡುತ್ತಾರೆ, ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ.

ನೆಲವನ್ನು ಒಮ್ಮೆ ಪಾಲು ಮಾಡಿದರೆ ಮುಗಿಯಿತು, ನೀರನ್ನು ಪ್ರತಿ ಬೆಳೆಗೂ ಪಾಲು ಮಾಡಬೇಕು. ಈ ಕೆಲಸವನ್ನು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಮಾಡುತ್ತ ಬಂದಿರುವ ದೇಶಗಳಲ್ಲಿ ಮಲೇಷ್ಯಾ ಒಂದು. ಅಲ್ಲಿಯ ಭತ್ತದ ಬಯಲುಗಳಲ್ಲೂ ನಮ್ಮಲ್ಲಿಯ ಹಾಗೆ ಹಿಡುವಳಿಗಳು ಸಣ್ಣವು, ವಾರಸುದಾರರು ಹೆಚ್ಚು, ಕಾಲುವೆ ಒಂದೇ. ಅಲ್ಲಿ ಜಂಟಿ ನೀರಿನ ಹಕ್ಕು ಬೇರೆ ಬೇರೆ ಕೈಗೆ ಹೋಗುವಾಗ ಏನಾಗುತ್ತದೆ, ಅದರಿಂದ ನಮ್ಮ ರೈತರು ಏನನ್ನು ತೆಗೆದುಕೊಳ್ಳಬಹುದು ಎಂಬುದನ್ನು ಹಂತ ಹಂತವಾಗಿ ನೋಡೋಣ.

ಮೊದಲ ಪ್ರಶ್ನೆ: ನೀರು ಯಾರದು?

ಮಲೇಷ್ಯಾದ ಸಂವಿಧಾನದ ಒಂಬತ್ತನೆಯ ಅನುಸೂಚಿಯ ಪ್ರಕಾರ ಭೂಮಿ, ನದಿ ಎರಡೂ ರಾಜ್ಯಗಳ ವ್ಯಾಪ್ತಿಗೆ ಬರುತ್ತವೆ. ನೀರಾವರಿ ಮತ್ತು ಬಸಿಗಾಲುವೆಯ ವಿಷಯ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ಪಟ್ಟಿಯಲ್ಲಿದೆ. ಹಾಗಾಗಿ ಇಡೀ ದೇಶಕ್ಕೆ ಒಂದೇ ನೀರಿನ ಕಾನೂನು ಇಲ್ಲ. ಪೆರಾಕ್, ಪಹಾಂಗ್ ಮೊದಲಾದ ರಾಜ್ಯಗಳಿಗೆ 1920ರ ಜಲ ಕಾಯ್ದೆ ಇದೆ. ಸೆಲಾಂಗೋರ್ 1999ರಲ್ಲಿ ತನ್ನದೇ ಕಾನೂನು ಮಾಡಿ ‘ಲುವಾಸ್’ ಎಂಬ ಜಲ ನಿರ್ವಹಣಾ ಪ್ರಾಧಿಕಾರವನ್ನು ಕಟ್ಟಿಕೊಂಡಿತು. ಕೆಡಾ ರಾಜ್ಯ 2007ರಲ್ಲಿ ಜಲಸಂಪನ್ಮೂಲ ಶಾಸನ ತಂದಿತು.

ಇವೆಲ್ಲವುಗಳ ತಳಹದಿ ಒಂದೇ. ನದಿ ಸರ್ಕಾರದ ಸ್ವತ್ತು, ಅದರ ನೀರನ್ನು ತಿರುಗಿಸಿಕೊಳ್ಳಲು ಲೈಸೆನ್ಸ್ ಬೇಕು. ರೈತನಿಗೆ ಸಿಗುವುದು ನೀರಿನ ಒಡೆತನವಲ್ಲ, ಬಳಸುವ ಅನುಮತಿ. ಅನುಮತಿ ಎಂದ ಮೇಲೆ ಅದಕ್ಕೆ ಷರತ್ತು ಇರುತ್ತದೆ, ಅವಧಿ ಇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅದು ಯಾವುದಕ್ಕೋ ಕಟ್ಟಿಕೊಂಡಿರುತ್ತದೆ. ಪಾಲು ಮಾಡುವವರು ಮೊದಲು ಹುಡುಕಬೇಕಾದದ್ದು ಈ ಗಂಟನ್ನು.

ಅನುಮತಿ ಕಟ್ಟಿಕೊಂಡಿರುವ ಮೂರು ಗೂಟಗಳು

ಒಂದನೆಯದು ವ್ಯಕ್ತಿ. ಪಹಾಂಗ್ ರಾಜ್ಯದ ಕ್ಯಾಮೆರಾನ್ ಹೈಲ್ಯಾಂಡ್ಸ್ ಬೆಟ್ಟಗಳಲ್ಲಿ ಎಲೆಕೋಸು, ಟೊಮೆಟೊ ಬೆಳೆಯುವ ಅನೇಕರು ಸರ್ಕಾರಿ ನೆಲವನ್ನು ತಾತ್ಕಾಲಿಕ ಲೈಸೆನ್ಸ್ ಮೇಲೆ ಉಳುತ್ತ ಬಂದವರು. 1965ರ ರಾಷ್ಟ್ರೀಯ ಭೂ ಸಂಹಿತೆಯ ಪ್ರಕಾರ ಈ ಲೈಸೆನ್ಸ್ ಆಯಾ ವರ್ಷದ ಡಿಸೆಂಬರ್ ಕೊನೆಗೆ ಮುಗಿಯುತ್ತದೆ, ಮತ್ತೆ ನವೀಕರಿಸಿಕೊಳ್ಳಬೇಕು. ಅದನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಲೈಸೆನ್ಸ್ ಪಡೆದವರು ತೀರಿಕೊಂಡರೆ ಅದೂ ಅಲ್ಲಿಗೆ ಕೊನೆಯಾಗುತ್ತದೆ. ಅಪ್ಪನ ಹೆಸರಿನಲ್ಲಿದ್ದ ಇಂಥ ಅನುಮತಿಯನ್ನು ಮೂವರು ಮಕ್ಕಳು ಹಂಚಿಕೊಳ್ಳಲು ಹೊರಟರೆ ಹಂಚಲು ಅಲ್ಲಿ ಏನೂ ಉಳಿದಿರುವುದಿಲ್ಲ. ಅವರು ಹೊಸದಾಗಿ ಅರ್ಜಿ ಹಾಕಬೇಕು. ತೊರೆಯಿಂದ ಪೈಪು ಎಳೆಯಲು ಎಷ್ಟೇ ಹಣ ಸುರಿದಿದ್ದರೂ ಆ ಖರ್ಚಿನಿಂದ ಹಕ್ಕು ಹುಟ್ಟುವುದಿಲ್ಲ.

ಎರಡನೆಯದು ನೆಲ. ಸರ್ಕಾರ ಗೆಜೆಟ್‌ನಲ್ಲಿ ‘ನೀರಾವರಿ ಪ್ರದೇಶ’ ಎಂದು ಸಾರಿದ ಕಡೆ 1953ರ ನೀರಾವರಿ ಪ್ರದೇಶ ಕಾಯ್ದೆ ನಡೆಯುತ್ತದೆ. ಅಲ್ಲಿ ನೀರಿನ ಕರ ಬೀಳುವುದು ಜಮೀನಿನ ಮೇಲೆ. ಉಳುವವರು ಬದಲಾದರೂ, ಒಡೆಯರು ಬದಲಾದರೂ ಆ ಗದ್ದೆ ಅಚ್ಚುಕಟ್ಟಿನ ಒಳಗೇ ಇರುತ್ತದೆ. ಪಾಲಾದಾಗ ಇಲ್ಲಿ ಆಗಬೇಕಾದ ಕೆಲಸ ದಾಖಲೆ ಬೇರೆ ಮಾಡಿಸುವುದು, ಕರವನ್ನು ವಿಸ್ತೀರ್ಣಕ್ಕೆ ತಕ್ಕಂತೆ ಹಂಚುವುದು. ನಮ್ಮ ಕಾಲುವೆ ನೀರಾವರಿಯೂ ಬಹುಮಟ್ಟಿಗೆ ಇದೇ ಬಗೆಯದು.

ಮೂರನೆಯದು ಗುಂಪು ಅಥವಾ ಬ್ಲಾಕ್. ಕಾಲುವೆಯ ಒಂದು ತೂಬಿನ ಕೆಳಗೆ ಹತ್ತಾರು ಜನರ ಗದ್ದೆಗಳಿದ್ದು, ನೀರು ಬಿಡುವವರು ಆ ತೂಬಿಗೆ ಮಾತ್ರ ಲೆಕ್ಕ ಇಡುತ್ತಾರೆ. ಒಳಗೆ ಯಾರಿಗೆ ಎಷ್ಟು, ಯಾವಾಗ ಎಂಬುದನ್ನು ರೈತರೇ ನಿಭಾಯಿಸಬೇಕು. ಇಲ್ಲಿ ಒಬ್ಬರ ಗದ್ದೆ ನಾಲ್ಕಾದರೂ ತೂಬಿಗೆ ಬರುವ ನೀರು ಒಂದು ಹನಿಯೂ ಹೆಚ್ಚಾಗುವುದಿಲ್ಲ. ಹಂಚಿಕೆ ಏನಿದ್ದರೂ ಒಳಗಿನ ಒಪ್ಪಂದದ ಮೇಲೆ ನಿಂತಿದೆ.

ನದಿಗೆ ಪಂಪು ಇಟ್ಟು ಸ್ವಂತ ಲೈಸೆನ್ಸ್ ಮೇಲೆ ನೀರೆತ್ತುವವರಾದರೆ, ಲೈಸೆನ್ಸ್‌ನಲ್ಲಿ ಬರೆದಿರುವ ಹೆಸರು, ಜಾಗ, ಪ್ರಮಾಣ ಈ ಮೂರನ್ನೂ ಓದಿಕೊಂಡೇ ಪಾಲಿನ ಮಾತಿಗೆ ಕೂರಬೇಕು. ಒಬ್ಬರ ಹೆಸರಿನ ಕಾಗದ ಮೂವರನ್ನು ತಾನಾಗಿ ಕಾಯುತ್ತದೆ ಎಂದು ನಂಬಿ ಕುಳಿತವರಿಗೆ, ನವೀಕರಣದ ದಿನ ಬಂದಾಗ ಮೊದಲ ಪೆಟ್ಟು ಬೀಳುತ್ತದೆ.

ನೆಲವೇ ಒಡೆಯದಿದ್ದರೆ?

ಮಲೇಷ್ಯಾದಲ್ಲಿ ಕೃಷಿ ಜಮೀನನ್ನು ಇಷ್ಟಬಂದಷ್ಟು ಚೂರು ಮಾಡಲು ಬರುವುದಿಲ್ಲ. ಭೂ ಸಂಹಿತೆಯ 136ನೆಯ ಕಲಮಿನ ಪ್ರಕಾರ ಪಾಲಾದ ಮೇಲೆ ಪ್ರತಿ ತುಂಡೂ ಕನಿಷ್ಠ 0.4 ಹೆಕ್ಟೇರ್, ಅಂದರೆ ಸುಮಾರು ಒಂದು ಎಕರೆ ಇರಬೇಕು. ಪ್ರತಿ ತುಂಡಿಗೂ ಓಡಾಡಲು ದಾರಿ ಇರಬೇಕು. ಜಂಟಿ ಒಡೆಯರು ತಮ್ಮ ತಮ್ಮ ಪಾಲಿಗೆ ಬೇರೆ ಪಟ್ಟಾ ಬೇಕೆಂದರೆ ಭೂ ಕಚೇರಿಗೆ ಅರ್ಜಿ ಕೊಡಬೇಕು. ಎಲ್ಲರೂ ಒಪ್ಪದಿದ್ದಾಗ ಹೆಚ್ಚು ಪಾಲು ಹೊಂದಿದವರು ಮುಂದಾಗಲು, ಕೊನೆಗೆ ಹೈಕೋರ್ಟಿಗೆ ಹೋಗಲು ಅವಕಾಶ ಇದೆ.

ಈ ಮಿತಿ ಒಂದು ಮನೆಯಲ್ಲಿ ಏನು ಮಾಡುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಒಬ್ಬ ಮುಸ್ಲಿಂ ರೈತನಿಗೆ ಎರಡು ಹೆಕ್ಟೇರ್ ಗದ್ದೆ. ಅವನ ನಂತರ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ವಾರಸುದಾರರು. ಇಸ್ಲಾಮಿನ ವಾರಸು ಹಂಚಿಕೆಯ ಫರಾಯಿಜ್ ನಿಯಮದಂತೆ ಮಕ್ಕಳಿರುವಾಗ ಹೆಂಡತಿಗೆ ಎಂಟನೆಯ ಒಂದು ಭಾಗ, ಅಂದರೆ 0.25 ಹೆಕ್ಟೇರ್. ಉಳಿದ 1.75 ಹೆಕ್ಟೇರಿನಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಪಾಲು. ಹಾಗೆ ಹಂಚಿದರೆ ಗಂಡುಮಕ್ಕಳಿಗೆ ತಲಾ 0.70, ಮಗಳಿಗೆ 0.35. ತಾಯಿಯ ಪಾಲೂ ಮಗಳ ಪಾಲೂ 0.4ಕ್ಕಿಂತ ಕಡಿಮೆ. ಅವರಿಬ್ಬರ ಹಕ್ಕು ಪಕ್ಕಾ ಇದ್ದರೂ ಅದಕ್ಕೆ ಬೇರೆ ಗಡಿಕಲ್ಲು ನೆಡಲಾಗುವುದಿಲ್ಲ.

ಇಂಥ ಕಡೆ ಕುಟುಂಬಗಳಿಗೆ ಉಳಿಯುವ ದಾರಿಗಳು ಕೆಲವೇ. ಒಬ್ಬರು ಇನ್ನೊಬ್ಬರ ಪಾಲನ್ನು ಹಣ ಕೊಟ್ಟು ಕೊಳ್ಳಬಹುದು. ಎರಡು ಸಣ್ಣ ಪಾಲುಗಳನ್ನು ಸೇರಿಸಿ ಒಂದು ತುಂಡಾಗಿ ಇಬ್ಬರ ಹೆಸರಿಗೆ ಬರೆಸಬಹುದು. ನಮ್ಮ ಉದಾಹರಣೆಯಲ್ಲಿ ತಾಯಿ, ಮಗಳು ಸೇರಿದರೆ 0.60 ಹೆಕ್ಟೇರ್ ಆಗಿ ಮಿತಿಯನ್ನು ದಾಟುತ್ತದೆ. ಅಥವಾ ಪಟ್ಟಾದಲ್ಲಿ ಎಲ್ಲರ ಹೆಸರನ್ನೂ ಪಾಲಿನ ಸಮೇತ ನಮೂದಿಸಿ ಗದ್ದೆಯನ್ನು ಒಂದಾಗಿಯೇ ಇಟ್ಟು, ಒಬ್ಬರು ಉಳುಮೆ ಮಾಡಿ ಉಳಿದವರಿಗೆ ಗೇಣಿ ಕೊಡಬಹುದು. ಕಡೆಯ ಈ ದಾರಿಯೇ ಅಲ್ಲಿ ಬಹಳ ಬಳಕೆಯಲ್ಲಿದೆ. ಒಂದೇ ಪಟ್ಟಾದಲ್ಲಿ ಎರಡು ಮೂರು ತಲೆಮಾರಿನ ಹೆಸರುಗಳು ಸೇರುತ್ತ ಹೋಗಿ, ಸಹಿ ಹಾಕಿಸಲು ಯಾರನ್ನು ಎಲ್ಲಿ ಹುಡುಕುವುದು ಎಂಬ ತೊಡಕೂ ಇದರಿಂದಲೇ ಬರುತ್ತದೆ. ಸಣ್ಣ ಆಸ್ತಿಗಳ ವಾರಸು ವಿಷಯವನ್ನು ಬೇಗ ಮುಗಿಸಲು 1955ರಷ್ಟು ಹಿಂದೆಯೇ ಅಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ, ಆ ಕೆಲಸವನ್ನು ನ್ಯಾಯಾಲಯದ ಬದಲು ಭೂ ಆಡಳಿತದ ಅಧಿಕಾರಿಗಳ ಕೈಗೆ ಕೊಟ್ಟಿದ್ದಾರೆ.

ನೀರಿನ ದೃಷ್ಟಿಯಿಂದ ಈ ಮಿತಿ ಉಪಕಾರವನ್ನೇ ಮಾಡಿದೆ. ಗದ್ದೆ ಒಡೆಯದಿದ್ದರೆ ತೂಬು ಒಡೆಯುವುದಿಲ್ಲ. ಹಕ್ಕನ್ನು ಭಿನ್ನರಾಶಿಯಲ್ಲಿ ಹಂಚಬಹುದು, ಹಣವನ್ನು ಹಂಚಬಹುದು. ಕಾಲುವೆಯ ಬಾಯನ್ನು ಭಿನ್ನರಾಶಿಯಲ್ಲಿ ಹಂಚಲು ಹೋದರೆ ನೀರು ಕೊನೆಯವರೆಗೆ ಹರಿಯುವುದೇ ನಿಂತುಹೋಗುತ್ತದೆ.

ಗೆರೆ ಎಳೆಯುವ ದಿಕ್ಕು

ಸೆಲಾಂಗೋರ್ ರಾಜ್ಯದ ವಾಯವ್ಯ ಕರಾವಳಿಯಲ್ಲಿ ತಾಂಜುಂಗ್ ಕಾರಾಂಗ್ ಎಂಬ ಭತ್ತದ ಬಯಲಿದೆ. ಬೆರ್ನಾಮ್ ನದಿಯಿಂದ ತಿರುಗಿಸಿದ ನೀರು ಅಲ್ಲಿಗೆ ಬರುತ್ತದೆ. ಬಯಲನ್ನು ಸಾವಾ ಸೆಂಪಾದಾನ್, ಸುಂಗೈ ಬುರೋಂಗ್, ಸೆಕಿಂಚಾನ್ ಮೊದಲಾದ ಎಂಟು ವಿಭಾಗ ಮಾಡಿದ್ದಾರೆ. ಸಾವಾ ಸೆಂಪಾದಾನ್ ಒಂದರಲ್ಲೇ 24 ಬ್ಲಾಕ್‌ಗಳಿವೆ. ಪ್ರತಿ ಗದ್ದೆಯ ಸಾಮಾನ್ಯ ಅಳತೆ 60 ಮೀಟರ್ ಅಗಲ, 200 ಮೀಟರ್ ಉದ್ದ, ಒಟ್ಟು 1.2 ಹೆಕ್ಟೇರ್. ಒಂದು ತುದಿಗೆ ಕಿರುಗಾಲುವೆ, ಇನ್ನೊಂದು ತುದಿಗೆ ಬಸಿಗಾಲುವೆ. ಹೀಗಾಗಿ ಯಾವ ಗದ್ದೆಯೂ ಪಕ್ಕದ ಗದ್ದೆಯನ್ನು ಕೇಳದೆ ನೀರು ತುಂಬಿಕೊಳ್ಳಬಲ್ಲದು, ಬಸಿಯಬಲ್ಲದು.

ಇಂಥ ಒಂದು ಗದ್ದೆಯನ್ನು ಮೂವರು ಪಾಲು ಮಾಡಿಕೊಂಡರೆ ತಲಾ 0.4 ಹೆಕ್ಟೇರ್ ಬರುತ್ತದೆ. ಕಾನೂನಿನ ಕನಿಷ್ಠ ಮಿತಿಗೆ ಸರಿಹೊಂದುತ್ತದೆ. ಪಟ್ಟಾದಲ್ಲಿ ಬೇರೆ ನಿರ್ಬಂಧ ಇಲ್ಲದಿದ್ದರೆ ಪಾಲಿಗೆ ಅರ್ಜಿ ಹಾಕಬಹುದು. ಆದರೆ ಗೆರೆ ಎಳೆಯುವ ದಿಕ್ಕಿನ ಮೇಲೆ ಎಲ್ಲವೂ ನಿಂತಿದೆ.

ಅಡ್ಡಕ್ಕೆ ಎಳೆದರೆ 60 ಮೀಟರ್ ಅಗಲ, ಸುಮಾರು 67 ಮೀಟರ್ ಉದ್ದದ ಮೂರು ಚೌಕಗಳಾಗುತ್ತವೆ. ಕಾಲುವೆ ಮುಟ್ಟುವುದು ಮೊದಲನೆಯದು ಮಾತ್ರ. ಕೊನೆಯದಕ್ಕೆ ಬಸಿಗಾಲುವೆ ಸಿಗುತ್ತದೆ, ಕಾಲುವೆ ಸಿಗುವುದಿಲ್ಲ. ನಡುವಿನದಕ್ಕೆ ಎರಡೂ ಇಲ್ಲ. ಮೊದಲಿನವರು ಗೊಬ್ಬರ ಹಾಕಿ ನೀರು ಕಟ್ಟಿ ನಿಲ್ಲಿಸಿದ ದಿನ ಕೊನೆಯವರ ಸಸಿ ಒಣಗುತ್ತದೆ. ಕೊನೆಯವರು ಕೊಯ್ಲಿಗೆಂದು ನೀರು ಬಸಿದ ದಿನ ನಡುವಿನವರ ಗದ್ದೆ ಇನ್ನೂ ಹಾಲುತೆನೆಯಲ್ಲಿರಬಹುದು.

ಉದ್ದಕ್ಕೆ ಎಳೆದರೆ 20 ಮೀಟರ್ ಅಗಲ, 200 ಮೀಟರ್ ಉದ್ದದ ಮೂರು ಪಟ್ಟಿಗಳು. ಮೂರೂ ಕಾಲುವೆಯನ್ನು ಮುಟ್ಟುತ್ತವೆ, ಮೂರೂ ಬಸಿಗಾಲುವೆಯನ್ನು ಮುಟ್ಟುತ್ತವೆ. ಇದಕ್ಕೂ ಒಂದು ಬೆಲೆ ಇದೆ. ಅಡ್ಡ ಗೆರೆಗೆ 120 ಮೀಟರ್ ಹೊಸ ಬದು ಸಾಕಾಗಿದ್ದರೆ ಇಲ್ಲಿ 400 ಮೀಟರ್ ಬದು ಹಾಕಬೇಕು. ಅರ್ಧ ಮೀಟರ್ ಅಗಲದ ಬದು ಎಂದುಕೊಂಡರೂ 200 ಚದರ ಮೀಟರ್ ನೆಲ ಬದುವಿಗೇ ಹೋಗುತ್ತದೆ. ಕೊಯ್ಲಿನ ಯಂತ್ರ ತಿರುಗಿಸಲು ಜಾಗ ಇಕ್ಕಟ್ಟಾಗುತ್ತದೆ. ಹೀಗಿದ್ದರೂ ನೀರಿಗಾಗಿ ವರ್ಷವರ್ಷವೂ ಪಕ್ಕದವರ ಮುಖ ನೋಡುವ ಪಾಡಿಗಿಂತ ಈ ನಷ್ಟ ಸಣ್ಣದು. ನೀರಿನ ಬಾಯಿ ಯಾವ ಕಡೆ ಇದೆಯೋ ಆ ಬದಿಯನ್ನು ಎಲ್ಲರಿಗೂ ಹಂಚಿ, ಉದ್ದವನ್ನು ಇದ್ದಂತೆ ಬಿಡಿ. ನಮ್ಮ ತೋಟ, ಗದ್ದೆ ಪಾಲು ಮಾಡುವಾಗಲೂ ಈ ನಿಯಮ ಹಾಗೆಯೇ ಒಪ್ಪುತ್ತದೆ.

ಗದ್ದೆಯಿಂದ ಗದ್ದೆಗೆ ಹರಿಯುವ ನೀರು

ಕೆಡಾ ಮತ್ತು ಪರ್ಲಿಸ್ ರಾಜ್ಯಗಳಲ್ಲಿ ಹರಡಿರುವ ಮುಡಾ ಯೋಜನೆ ಮಲೇಷ್ಯಾದ ಅತಿ ದೊಡ್ಡ ಭತ್ತದ ಕಣಜ. ವಿಶ್ವಬ್ಯಾಂಕ್ ಸಾಲದ ನೆರವಿನಿಂದ ಪೆಡು ಮತ್ತು ಮುಡಾ ಅಣೆಕಟ್ಟುಗಳನ್ನು ಕಟ್ಟಿದರು. 1970ರಲ್ಲಿ ‘ಮಾಡಾ’ ಎಂಬ ಮುಡಾ ಕೃಷಿ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಒಂದು ಲಕ್ಷ ಹೆಕ್ಟೇರಿನ ಆಸುಪಾಸು ಗದ್ದೆಗೆ ವರ್ಷಕ್ಕೆ ಎರಡು ಬೆಳೆ ಸಾಧ್ಯವಾದದ್ದು ಇದರಿಂದ. ಒಬ್ಬೊಬ್ಬ ರೈತನ ಹಿಡುವಳಿ ಎರಡು ಹೆಕ್ಟೇರಿನ ಸುತ್ತಮುತ್ತ. ಬೆಳೆಗೆ ಬೇಕಾದ ನೀರಿನಲ್ಲಿ ಸುಮಾರು ಅರ್ಧದಷ್ಟು ಮಳೆಯಿಂದಲೇ ಬರುತ್ತದೆ. ಉಳಿದದ್ದನ್ನು ಅಣೆಕಟ್ಟು, ಹಳ್ಳಹೊಳೆಗಳ ಹರಿವು ಮತ್ತು ಬಸಿದ ನೀರನ್ನು ಪಂಪಿನಿಂದ ಎತ್ತಿ ಮರುಬಳಕೆ ಮಾಡುವುದು ತುಂಬಿಸುತ್ತವೆ.

ಮೊದಲ ಹಂತದಲ್ಲಿ ಅಲ್ಲಿ ಹೆಕ್ಟೇರಿಗೆ ಸುಮಾರು ಹತ್ತು ಮೀಟರಿನಷ್ಟು ಮಾತ್ರ ಕಾಲುವೆ ಇತ್ತು. ನೂರಾರು ಹೆಕ್ಟೇರಿನ ಒಂದೊಂದು ಬ್ಲಾಕಿಗೆ ನೀರು ಬಿಟ್ಟರೆ ಅದು ಗದ್ದೆಯಿಂದ ಗದ್ದೆಗೆ ಬದು ದಾಟಿ ಹರಿಯಬೇಕು. ಕಾಲುವೆಗೆ ದೂರ ಇದ್ದ ಗದ್ದೆ ತುಂಬಲು ವಾರಗಟ್ಟಲೆ ಕಾಯಬೇಕಾಗುತ್ತಿತ್ತು. ಮೇಲಿನವರು ನಾಟಿ ಮುಗಿಸಿರುವಾಗ ಕೆಳಗಿನವರು ಇನ್ನೂ ಉಳುಮೆಗೆ ನೀರಿಲ್ಲದೆ ಕೂತಿರುತ್ತಿದ್ದರು. ಎರಡನೆಯ ಹಂತದಲ್ಲಿ ಕೆಲವು ಬ್ಲಾಕ್‌ಗಳಲ್ಲಿ ಕಿರುಗಾಲುವೆಗಳನ್ನು ತೋಡಿ ಹೆಕ್ಟೇರಿಗೆ ಸುಮಾರು ಮೂವತ್ತು ಮೀಟರಿಗೆ ಏರಿಸಿದರು. ದೊಡ್ಡ ಬ್ಲಾಕನ್ನು ಸಣ್ಣ ಸಣ್ಣ ನೀರಾವರಿ ಘಟಕಗಳಾಗಿ ಒಡೆದು, ಒಂದೊಂದು ಘಟಕದ ರೈತರು ಕೂಡಿ ನಿರ್ಧಾರ ಮಾಡುವ ಪದ್ಧತಿ ತಂದರು. ರೈತರ 27 ಪ್ರಾದೇಶಿಕ ಸಂಘಗಳು ಪ್ರಾಧಿಕಾರಕ್ಕೂ ಗದ್ದೆಗೂ ನಡುವೆ ಕೆಲಸ ಮಾಡುತ್ತವೆ.

ಗದ್ದೆಯಿಂದ ಗದ್ದೆಗೆ ಹರಿಯುವ ಇಂಥ ಕಡೆ ಒಂದು ಹಿಡುವಳಿ ಪಾಲಾದರೆ ತೊಂದರೆ ಆ ಮನೆಗೆ ಮಾತ್ರ ನಿಲ್ಲುವುದಿಲ್ಲ, ಕೆಳಗಿನ ಎಲ್ಲರಿಗೂ ತಟ್ಟುತ್ತದೆ. ಹೊಸ ಬದು ಎದ್ದಲ್ಲಿ ನೀರು ದಾಟುವ ಗಂಡಿ ಎಲ್ಲಿರಬೇಕು, ಅದರ ಮಟ್ಟ ಎಷ್ಟಿರಬೇಕು ಎಂದು ಮೊದಲೇ ತೀರ್ಮಾನ ಆಗಬೇಕು. ಇಲ್ಲಿ ಮಲೇಷ್ಯಾದ ಕಾನೂನಿನ ಒಂದು ಅಂಶ ಗಮನಿಸಬೇಕಾದದ್ದು. ಇನ್ನೊಬ್ಬರ ಜಮೀನಿನ ಮೇಲೆ ನೀರಿನ ದಾರಿಯಂಥ ಹಕ್ಕನ್ನು ಭೂ ಸಂಹಿತೆಯಡಿ ಬರೆದು ನೋಂದಾಯಿಸಿಕೊಳ್ಳಬಹುದು. ಬಹುಕಾಲ ಬಳಸಿದ್ದೇನೆ ಎಂಬ ಒಂದೇ ಕಾರಣಕ್ಕೆ ಆ ಹಕ್ಕು ಹುಟ್ಟುವುದಿಲ್ಲ. ಮೂವತ್ತು ವರ್ಷ ಪಕ್ಕದವರ ಗದ್ದೆಯ ಮೂಲಕ ನೀರು ಹರಿಸಿದ್ದರೂ, ಆ ಗದ್ದೆ ಮಾರಾಟವಾಗಿ ಹೊಸಬರು ಬಂದ ದಿನ ಕೈಯಲ್ಲಿ ಕಾಗದ ಇಲ್ಲದಿದ್ದರೆ ದಾರಿ ಮುಚ್ಚಬಹುದು.

ಹೊತ್ತಿನ ಲೆಕ್ಕ

ನೀರನ್ನು ಹೊಳೆಯಂತೆ ಎರಡಾಗಿ ಸೀಳುವುದಕ್ಕಿಂತ ಗಂಟೆಯ ಲೆಕ್ಕದಲ್ಲಿ ಹಂಚುವುದು ಏಕೆ ಲೇಸು ಎಂಬುದಕ್ಕೆ ಒಂದು ಲೆಕ್ಕ ಸಾಕು. ಒಂದು ಹೆಕ್ಟೇರ್ ಗದ್ದೆಯಲ್ಲಿ ಹತ್ತು ಸೆಂಟಿಮೀಟರ್ ನೀರು ನಿಲ್ಲಿಸಲು 1,000 ಘನ ಮೀಟರ್, ಅಂದರೆ ಹತ್ತು ಲಕ್ಷ ಲೀಟರ್ ಬೇಕು. 1.2 ಹೆಕ್ಟೇರಿನ ಗದ್ದೆಗೆ 12 ಲಕ್ಷ ಲೀಟರ್. ತೂಬಿನಿಂದ ಸೆಕೆಂಡಿಗೆ ಹತ್ತು ಲೀಟರ್ ಬರುತ್ತದೆ ಎಂದುಕೊಂಡರೆ, ನೆಲ ಕುಡಿಯುವುದನ್ನು ಬಿಟ್ಟು, ತುಂಬಲು 33 ಗಂಟೆ ಹಿಡಿಯುತ್ತದೆ.

ಇಬ್ಬರು ಅರ್ಧರ್ಧ ಮಾಡಿಕೊಂಡು ಇಬ್ಬರೂ ಒಟ್ಟಿಗೆ ಗಂಡಿ ತೆರೆದರೆ ಇಬ್ಬರಿಗೂ 33 ಗಂಟೆ ಕಾಯುವ ಕೆಲಸ. ಸರದಿ ಇಟ್ಟುಕೊಂಡರೆ ಮೊದಲಿನವರದು 17 ಗಂಟೆಗೆ ತುಂಬುತ್ತದೆ, ಎರಡನೆಯವರದು ಆಗಲೂ 33 ಗಂಟೆಗೇ ತುಂಬುತ್ತದೆ. ಯಾರಿಗೂ ನಷ್ಟವಿಲ್ಲ, ಒಬ್ಬರಿಗೆ ಲಾಭ. ಅದಲ್ಲದೆ ಜೋರಾಗಿ ಹರಿಯುವ ನೀರು ಗದ್ದೆಯ ತುದಿ ಮುಟ್ಟುತ್ತದೆ. ಸೀಳಿದ ನೀರು ನಡುದಾರಿಯಲ್ಲೇ ಇಂಗಿಹೋಗುತ್ತದೆ. ಮುಂದಿನ ಸುತ್ತಿನಲ್ಲಿ ಸರದಿ ಅದಲುಬದಲಾದರೆ ಮೊದಲು ಪಡೆಯುವ ಲಾಭ ಇಬ್ಬರಿಗೂ ಸಮನಾಗುತ್ತದೆ.

ಮುಡಾ ಬಯಲಿನಲ್ಲಿ ಇದೇ ತತ್ವವನ್ನು ದೊಡ್ಡ ಪ್ರಮಾಣದಲ್ಲಿ ನಡೆಸುತ್ತಾರೆ. ಪ್ರತಿ ಬೆಳೆಗೂ ಮೊದಲು ವೇಳಾಪಟ್ಟಿ ಪ್ರಕಟವಾಗುತ್ತದೆ. ಇಡೀ ಬಯಲನ್ನು ಹಂತಗಳಾಗಿ ವಿಂಗಡಿಸಿ, ಯಾವ ಹಂತಕ್ಕೆ ಯಾವ ದಿನದಿಂದ ನೀರು ಎಂದು ತಿಳಿಸುತ್ತಾರೆ. ಎಲ್ಲರೂ ಒಂದೇ ದಿನ ಗದ್ದೆ ನೆನೆಸಲು ಹೊರಟರೆ ಯಾವ ಕಾಲುವೆಯೂ ತಾಳುವುದಿಲ್ಲ. ಈ ಯೋಚನೆ ಕನ್ನಡಿಗರಿಗೆ ಹೊಸದೇನಲ್ಲ. ವಿಶ್ವೇಶ್ವರಯ್ಯನವರು ಮುಂಬೈ ಪ್ರಾಂತ್ಯದ ನೀರಾ ಕಾಲುವೆಯಲ್ಲಿ ರೂಪಿಸಿ, ಮುಂದೆ ಕೃಷ್ಣರಾಜಸಾಗರದ ಕಾಲುವೆಗೂ ತಂದ ಬ್ಲಾಕ್ ಪದ್ಧತಿಯ ಹಿಂದೆ ಇದ್ದದ್ದೂ ಇದೇ. ಕಾಸರಗೋಡು, ಪುತ್ತೂರು ಕಡೆಯ ಅಡಿಕೆ ತೋಟಗಳಲ್ಲಿ ಸುರಂಗದ ನೀರಿಗೂ ಹಳ್ಳದ ಕಟ್ಟದ ನೀರಿಗೂ ಸರದಿ ಹಾಕಿಕೊಳ್ಳುವುದರ ಹಿಂದಿನ ಲೆಕ್ಕವೂ ಇದೇ.

ಕೊರತೆಯ ವರ್ಷ

ಹಂಚಿಕೆ ಗಟ್ಟಿಯೋ ಪೊಳ್ಳೋ ಎಂದು ತಿಳಿಯುವುದು ಬರದಲ್ಲಿ. 1978ರಲ್ಲಿ ಮುಡಾದಲ್ಲಿ ಅಣೆಕಟ್ಟಿನ ನೀರು ಸಾಲದೆ ಇಡೀ ಬಯಲಿನ ಬೇಸಿಗೆ ಬೆಳೆಯನ್ನೇ ಕೈಬಿಡಬೇಕಾಯಿತು. ಆ ಪೆಟ್ಟಿನ ನಂತರ ಅಲ್ಲಿಯ ಬೇಸಾಯದ ರೀತಿಯೇ ಬದಲಾಗುತ್ತ ಹೋಯಿತು. ಸಸಿಮಡಿ ಮಾಡಿ ನಾಟಿ ಹಾಕುವ ಬದಲು ನೇರವಾಗಿ ಬೀಜ ಬಿತ್ತುವುದು ಹಬ್ಬಿತು, ಬಸಿದ ನೀರನ್ನು ಮತ್ತೆ ಎತ್ತಿ ಬಳಸುವುದಕ್ಕೆ ಒತ್ತು ಬಂತು, ಮುಂದೆ ಆಹ್ನಿಂಗ್ ಅಣೆಕಟ್ಟೂ ಸೇರಿಕೊಂಡಿತು.

ಪಾಲು ಮಾಡಿಕೊಳ್ಳುವ ಕುಟುಂಬಕ್ಕೆ ಇಲ್ಲಿಂದ ಸಿಗುವ ಪಾಠ ನೇರವಾದದ್ದು. ನೀರು ತುಂಬಿದ್ದಾಗ ಯಾರಿಗೆ ಎಷ್ಟು ಎಂದು ಬರೆಯುವುದರ ಜೊತೆಗೆ, ಅರ್ಧ ಬಂದರೆ ಹೇಗೆ, ಕಾಲು ಭಾಗ ಬಂದರೆ ಹೇಗೆ, ಬಾರದೇ ಇದ್ದರೆ ಹೇಗೆ ಎಂಬುದನ್ನೂ ಬರೆಯಬೇಕು. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕಡಿತವೇ, ಅಥವಾ ಈ ವರ್ಷ ಒಬ್ಬರು ಬೆಳೆ ಬಿಟ್ಟು ಉಳಿದವರಿಂದ ಪರಿಹಾರ ಪಡೆಯುವುದೇ? ಎರಡೂ ನ್ಯಾಯವೇ. ಯಾವುದು ಎಂದು ಮೊದಲೇ ಒಪ್ಪಿರಬೇಕು ಅಷ್ಟೆ.

ನಮ್ಮಲ್ಲಿ ಇದನ್ನು ಹೇಗೆ ಅಳವಡಿಸಿಕೊಳ್ಳುವುದು?

ಕರ್ನಾಟಕದಲ್ಲಿ ಜಮೀನು ಪಾಲು ಮಾಡುವವರು 11ಇ ನಕ್ಷೆ, ವಿಭಾಗ ಪತ್ರ, ಮ್ಯುಟೇಷನ್, ಪೋಡಿ ಇವುಗಳ ಸುತ್ತ ಓಡಾಡುತ್ತಾರೆ. ಇವು ನೆಲದ ಕಾಗದಗಳು. ನೀರಿಗೆ ಬೇರೆ ಎಚ್ಚರ ಬೇಕು.

ಕಾಲುವೆ ನೀರಾದರೆ, ಹೊಸ ಹಿಸ್ಸಾ ನಂಬರುಗಳು ನೀರಾವರಿ ಇಲಾಖೆಯ ದಾಖಲೆಯಲ್ಲೂ ನೀರು ಬಳಕೆದಾರರ ಸಹಕಾರ ಸಂಘದ ಪಟ್ಟಿಯಲ್ಲೂ ಸೇರಿವೆಯೇ ಎಂದು ನೋಡಿಕೊಳ್ಳಿ. ನೀರಿನ ಕರದ ಹಳೆಯ ಬಾಕಿಯನ್ನು ಪಾಲಿಗೆ ಮೊದಲೇ ತೀರಿಸಿ, ಇಲ್ಲವೇ ಯಾರು ಎಷ್ಟು ಕಟ್ಟಬೇಕೆಂದು ಬರೆದುಕೊಳ್ಳಿ.

ತೋಡುಬಾವಿ, ಕೊಳವೆಬಾವಿ ಆದರೆ ತೊಡಕು ಹೆಚ್ಚು. ಅಂತರ್ಜಲ ನಮ್ಮಲ್ಲಿ ನೆಲದ ಒಡೆತನದ ಜೊತೆ ಹೋಗುತ್ತದೆ. ಹಾಗಾಗಿ ಬಾವಿ ಯಾರ ಪಾಲಿನ ನೆಲದಲ್ಲಿ ಬಿದ್ದಿತೋ ಅವರೇ ಮೇಲುಗೈ. ಉಳಿದವರ ಪಾಲು ಕಾಗದದಲ್ಲಿ ಇರದಿದ್ದರೆ ಸಾಬೀತು ಮಾಡುವುದು ಕಷ್ಟ. 1882ರ ಅನುಭೋಗದ ಹಕ್ಕುಗಳ ಕಾಯ್ದೆ ಇಲ್ಲಿ ಸ್ವಲ್ಪ ಆಸರೆ ಕೊಡುತ್ತದೆ. ಅದರ 13ನೆಯ ಕಲಮಿನಂತೆ, ಜಂಟಿ ಆಸ್ತಿ ಪಾಲಾದಾಗ ಒಬ್ಬರ ಪಾಲನ್ನು ಅನುಭವಿಸಲು ಇನ್ನೊಬ್ಬರ ಪಾಲಿನ ಮೇಲಿನ ಹಕ್ಕು ಅಗತ್ಯವಾಗಿದ್ದರೆ ಆ ಹಕ್ಕು ಸಿಗುತ್ತದೆ. 15ನೆಯ ಕಲಮಿನಂತೆ, ಇಪ್ಪತ್ತು ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಿಂದ ಬಳಸಿಕೊಂಡು ಬಂದದ್ದಕ್ಕೆ ರಕ್ಷಣೆ ಇದೆ. ಮಲೇಷ್ಯಾದಲ್ಲಿ ಇಲ್ಲದ ಅನುಕೂಲ ಇದು. 30ನೆಯ ಕಲಮು ಹೇಳುವುದು ಇನ್ನೂ ಉಪಯುಕ್ತ: ನೀರಿನ ದಾರಿಯ ಹಕ್ಕು ಇರುವ ಜಮೀನು ಹಲವು ಪಾಲಾದರೆ ಆ ಹಕ್ಕು ಪ್ರತಿ ಪಾಲಿಗೂ ಸೇರುತ್ತದೆ, ಆದರೆ ದಾರಿ ಕೊಟ್ಟವರ ಮೇಲಿನ ಹೊರೆ ಗಣನೀಯವಾಗಿ ಹೆಚ್ಚಬಾರದು. ಒಬ್ಬರಿದ್ದಲ್ಲಿ ನಾಲ್ವರಾದರು ಎಂದು ಒಂದು ಪೈಪಿನ ದಾರಿ ನಾಲ್ಕು ಪೈಪಿನ ದಾರಿಯಾಗಲು ಬರುವುದಿಲ್ಲ. ಇಷ್ಟೆಲ್ಲ ಇದ್ದರೂ ಕೋರ್ಟಿನಲ್ಲಿ ವರ್ಷಗಟ್ಟಲೆ ಸಾಬೀತು ಮಾಡುವುದಕ್ಕಿಂತ ವಿಭಾಗ ಪತ್ರದಲ್ಲಿ ಹತ್ತು ಸಾಲು ಬರೆಯುವುದು ಸುಲಭ.

ಆ ಸಾಲುಗಳಲ್ಲಿ ಇರಬೇಕಾದವು ಇವು:

1. ಮೂಲ: ಬಾವಿ ಅಥವಾ ತೂಬು ಯಾವ ಸರ್ವೆ ನಂಬರಿನಲ್ಲಿದೆ, ನಕ್ಷೆಯಲ್ಲಿ ಎಲ್ಲಿದೆ. ಅದರ ಸುತ್ತ ಪಂಪ್‌ಹೌಸ್, ಸ್ಟಾರ್ಟರ್, ರಿಪೇರಿಗೆ ಬೇಕಾದಷ್ಟು ಜಾಗವನ್ನು ಜಂಟಿಯಾಗಿಯೇ ಉಳಿಸಿಕೊಳ್ಳಿ. ಮೋಟಾರು ಮೇಲೆತ್ತುವ ಗಾಡಿ ಬರುವಷ್ಟು ದಾರಿಯೂ ಬೇಕು.

2. ಪಾಲು: ಯಾರಿಗೆ ಎಷ್ಟನೆಯ ಭಾಗ. ನೆಲದ ಪಾಲಿನಷ್ಟೇ ನೀರಿನ ಪಾಲು ಎಂದೋ, ಸಮಪಾಲು ಎಂದೋ ಸ್ಪಷ್ಟವಾಗಿರಲಿ.

3. ಹೊತ್ತು: ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀಫೇಸ್ ಕರೆಂಟು ಎಂದು ಲೆಕ್ಕ ಹಿಡಿದು ಹಗಲು ಒಬ್ಬರಿಗೆ, ರಾತ್ರಿ ಒಬ್ಬರಿಗೆ ಎಂದು ಹಂಚಿದರೆ ಕರೆಂಟು ಹೋದವರಿಗೆ ಅನ್ಯಾಯ. ಗಡಿಯಾರದ ಗಂಟೆ ಬಿಟ್ಟು ಮೋಟಾರು ಓಡಿದ ಗಂಟೆಯನ್ನು ಲೆಕ್ಕ ಹಿಡಿಯಿರಿ. ಸ್ಟಾರ್ಟರ್ ಡಬ್ಬಿಗೆ ಗಂಟೆ ಎಣಿಸುವ ಸಣ್ಣ ಮೀಟರು ಕೂರಿಸಿದರೆ ಲೆಕ್ಕ ಎಲ್ಲರ ಕಣ್ಣೆದುರು ಇರುತ್ತದೆ. ಸರದಿಯ ಮೊದಲ ದಿನ ತಿಂಗಳಿಗೊಮ್ಮೆ ಅದಲುಬದಲಾಗಲಿ.

4. ದಾರಿ: ಪೈಪ್‌ಲೈನ್ ಯಾರ ಜಮೀನಿನಲ್ಲಿ, ಎಷ್ಟು ಆಳದಲ್ಲಿ, ಎಷ್ಟು ಅಗಲದ ಪಟ್ಟಿಯಲ್ಲಿ ಹೋಗುತ್ತದೆ. ಒಡೆದಾಗ ಅಗೆಯಲು ಅನುಮತಿ, ಬೆಳೆ ಹಾಳಾದರೆ ಪರಿಹಾರ.

5. ಖರ್ಚು: ಮೋಟಾರು ರಿವೈಂಡಿಂಗ್, ಕೇಬಲ್ಲು, ಬಾವಿ ಆಳ ಮಾಡಿಸುವುದು ಇವುಗಳಿಗೆ ಯಾರದು ಎಷ್ಟು. ದುಡ್ಡು ಕೊಡದವರ ಸರದಿ ಎಷ್ಟು ದಿನದ ಮೇಲೆ ನಿಲ್ಲುತ್ತದೆ.

6. ವಿದ್ಯುತ್: ಆರ್‌ಆರ್ ನಂಬರು ಯಾರ ಹೆಸರಿನಲ್ಲಿದೆ. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ಉಚಿತ ವಿದ್ಯುತ್ ಇರುವುದರಿಂದ ಈ ನಂಬರಿಗೆ ಬೆಲೆ ಹೆಚ್ಚು. ಒಬ್ಬರ ಹೆಸರಿಗೆ ಹೋದರೂ ಅದು ಎಲ್ಲರ ಪರವಾಗಿ ಎಂದು ಬರೆದಿರಲಿ.

7. ಕೊರತೆ: ಬೇಸಿಗೆಯಲ್ಲಿ ಮೊದಲು ಕುಡಿಯುವ ನೀರು ಮತ್ತು ದನಕರು, ಆಮೇಲೆ ತೆಂಗು ಅಡಿಕೆಯಂಥ ನಿಂತ ಗಿಡ, ಕೊನೆಗೆ ಹೊಸ ಬೆಳೆ ಎಂಬ ಕ್ರಮ. ಬಾವಿ ಪೂರ್ತಿ ಬತ್ತಿದರೆ ಹೊಸ ಕೊಳವೆಬಾವಿ ಎಲ್ಲಿ, ಯಾರ ದುಡ್ಡಿನಲ್ಲಿ, ಅದರಲ್ಲಿ ಯಾರಿಗೆ ಪಾಲು. ಅಧಿಸೂಚಿತ ತಾಲ್ಲೂಕುಗಳಲ್ಲಿ 2011ರ ಅಂತರ್ಜಲ ಕಾಯ್ದೆಯಂತೆ ಕೊರೆಸುವ ಮೊದಲು ಅನುಮತಿ ಬೇಕೆಂಬುದು ನೆನಪಿರಲಿ.

8. ಮಾರಾಟ: ಒಬ್ಬರು ಜಮೀನು ಮಾರಿದರೆ ನೀರಿನ ಪಾಲು ಕೊಂಡವರಿಗೆ ಹೋಗುತ್ತದೆಯೇ, ನೀರಿನ ಪಾಲನ್ನು ಮಾತ್ರ ಬೇರೆಯಾಗಿ ಮಾರಬಹುದೇ, ಕೊಳ್ಳುವ ಮೊದಲ ಅವಕಾಶ ಉಳಿದ ಪಾಲುದಾರರಿಗೆ ಇದೆಯೇ.

ಹೆಣ್ಣುಮಕ್ಕಳ ಪಾಲು

ಮಲೇಷ್ಯಾದ ಲೆಕ್ಕದಲ್ಲಿ ಮಿತಿಗಿಂತ ಕೆಳಗೆ ಬಿದ್ದವರು ತಾಯಿ ಮತ್ತು ಮಗಳು. ನಮ್ಮಲ್ಲಿ ಕಾನೂನು ಹಿಂದೂ ಕುಟುಂಬದ ಮಗಳಿಗೆ ಸಮಪಾಲು ಕೊಟ್ಟಿದೆ. ಆದರೂ ಊರಲ್ಲಿ ಇಲ್ಲದ ಅಕ್ಕತಂಗಿಯರಿಗೆ ರಸ್ತೆಗೆ ದೂರದ, ನೀರು ಹತ್ತದ ಮೂಲೆ ಹೋಗುವುದು ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಒಂದೇ ಅಳತೆಯ ಎರಡು ತುಂಡುಗಳಲ್ಲಿ ನೀರಿರುವುದಕ್ಕೂ ಇಲ್ಲದ್ದಕ್ಕೂ ಬೆಲೆಯಲ್ಲಿ ಅಜಗಜಾಂತರ. ಗುಂಟೆಯಲ್ಲಿ ಸಮ ಮಾಡಿ ನೀರಿನಲ್ಲಿ ಕಿತ್ತುಕೊಂಡರೆ ಅದು ಸಮಪಾಲಲ್ಲ. ಉಳುಮೆ ಮಾಡದವರಿಗೂ ನೀರಿನ ಪಾಲನ್ನು ಬರೆದುಕೊಡಿ. ಅವರು ಅದನ್ನು ಬಳಸದಿದ್ದರೆ ಬಳಸುವವರು ಗೇಣಿ ಕೊಡಲಿ. ಜಮೀನನ್ನು ಒಡೆಯದೆಯೂ ಹಕ್ಕನ್ನು ಗೌರವಿಸಬಹುದು ಎಂಬುದನ್ನು ಅನೇಕ ಹೆಸರುಗಳಿರುವ ಅಲ್ಲಿಯ ಪಟ್ಟಾಗಳು ತೋರಿಸಿಕೊಟ್ಟಿವೆ.

ಪಾಲಿಗೆ ಕೂರುವ ದಿನ ಸರ್ವೆಯವರ ಜೊತೆ ನೀರು ಬಲ್ಲ ಒಬ್ಬ ಹಿರಿಯರನ್ನೂ ಕೂರಿಸಿಕೊಳ್ಳಿ. ಗಡಿ ಗೆರೆ ಎಳೆಯುವ ಮೊದಲು ಬಾವಿ, ತೂಬು, ಪೈಪು, ಬಸಿಗಾಲುವೆ ಇವೆಲ್ಲವನ್ನೂ ನಕ್ಷೆಯಲ್ಲಿ ಗುರುತು ಮಾಡಿಸಿ, ಆಮೇಲೆ ಗೆರೆಯ ದಿಕ್ಕನ್ನು ತೀರ್ಮಾನಿಸಿ. ಮೇಲಿನ ಎಂಟು ಅಂಶಗಳಿಗೂ ಉತ್ತರ ಬರೆದಾದ ಮೇಲೆಯೇ ಸಹಿ ಹಾಕಿ. ಯಾವುದಾದರೂ ಅಂಶಕ್ಕೆ ಒಮ್ಮತ ಬಾರದಿದ್ದರೆ ನೋಂದಣಿಯನ್ನು ಒಂದು ತಿಂಗಳು ಮುಂದೂಡಿದರೂ ಚಿಂತೆಯಿಲ್ಲ. ನೀರಿರುವಾಗ, ಎಲ್ಲರೂ ಒಂದೇ ಜಗಲಿಯ ಮೇಲೆ ಕೂತು ಮಾತನಾಡುತ್ತಿರುವಾಗ ಆಗದ ಒಪ್ಪಂದ ಬರಗಾಲದಲ್ಲಿ ಆಗುವುದಿಲ್ಲ.